ವಾಪಸು ಬಂದ ಸಮಯ

ಏಪ್ರಿಲ್ 9

ಅಕ್ಕಾ,

ಫೋನ್ ಮಾಡಿದರೆ ಭಾವ ಎತ್ತುತ್ತಾರೆ, "ಮಲಗಿದ್ದಾಳೆ" ಅನ್ನುತ್ತಾರೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳಿಸುವುದಿಲ್ಲ, ಆದ್ದರಿಂದ ನಿಜವೇ ಇರಬಹುದು. ಅದಕ್ಕೇ ಈ ಕಾಗದ.

ಆಸ್ಪತ್ರೆಯಲ್ಲಿ ನಾನು ತಂದ ಹಣ್ಣನ್ನು ನೀನು ಪಕ್ಕದ ಹಾಸಿಗೆಯವರಿಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ. ಔಷಧಿಯ ಮಂಪರು ಎಂದಳು ನರ್ಸು. ನಾನೂ ಹಾಗೇ ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು. ನಿನ್ನ ಬಲಪಾದ ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ. ಬರೀ ಮೂಳೆ ಮುರಿದಿದ್ದರೆ ಎರಡು ತಿಂಗಳಲ್ಲಿ ಕೂಡುತ್ತಿತ್ತಂತೆ. ಅಷ್ಟು ಹೊತ್ತು ಆ ಚಳಿಯಲ್ಲಿ, ಕಾಲು ನೀರಿನಲ್ಲಿ ಬಿದ್ದುಕೊಂಡು ಇದ್ದದ್ದೇ ಕೆಡಿಸಿತಂತೆ.

ಆ ದಿನವನ್ನು ಮತ್ತೆ ಮತ್ತೆ ಮೊದಲಿನಿಂದ ನಡೆದು ನೋಡುತ್ತೇನೆ. ನಿನ್ನ ಯಂತ್ರದ ಮೇಲಿನ ಗೋಡೆಯಲ್ಲಿ ಗುಂಡುಪಿನ್ನಿನಿಂದ ಸಿಕ್ಕಿಸಿದ್ದ ಪೇಪರಿನ ತುಂಡು: "ತೊರೆಯ ಪಕ್ಕದಲ್ಲೇ ಒಂದೂವರೆ ಗಂಟೆಯ ನಡಿಗೆ, ಮೂರು ಜಲಪಾತ, ಮಕ್ಕಳೂ ಹತ್ತಬಹುದು." ಐವತ್ತು ತುಂಬಿದಾಗ ನೀನು ನನ್ನನ್ನು ಕೇಳಿದ್ದು ಅದೊಂದೇ. ಮೊದಲನೆಯ ಜಲಪಾತದ ಹತ್ತಿರ ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಟ್ಟು "ಅಯ್ಯಯ್ಯೋ" ಎಂದು ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ. ಎರಡನೆಯದರ ಹತ್ತಿರ ನಾನು ಗಡಿಯಾರ ನೋಡಿದೆ. ಮೂರು ಗಂಟೆಯ ಬಸ್ಸು ಹಿಡಿಯಬೇಕು, ಆಫೀಸಿನಲ್ಲಿ ಅರ್ಜಿಗಳ ರಾಶಿ ಬಿದ್ದಿದೆ ಎಂದೆ. "ಇನ್ನೊಂದು ಇದೆಯಲ್ಲ" ಎಂದೆ ನೀನು. "ನೀರು ನೀರೇ ಅಕ್ಕಾ. ಎರಡು ನೋಡಿದ್ರೆ ಮೂರೂ ನೋಡಿದ ಹಾಗೆ." "ಎಲ್ಲದಕ್ಕೂ ಟಿಕ್ ಹಾಕೋದೇ ಆಯ್ತು ನಿಂದು." ಆಮೇಲೆ ನಾನು ಆಡಿದ ಮಾತು ನಿನಗೆ ನೆನಪಿದೆ. ಅದನ್ನಿಲ್ಲಿ ಬರೆಯುವುದಿಲ್ಲ. "ನೀನು ಹೋಗು, ಮುಂದಿನ ಬಸ್ಸಿಗೆ ಬರ್ತೀನಿ" ಎಂದು ನೀನು ಬೆನ್ನು ತಿರುಗಿಸಿದೆ. ನಾನು ಇಳಿದೆ.

ಸಿಟ್ಟಿನಲ್ಲಿ ನಾನು ಆ ಸಂಜೆ ಫೋನ್ ಮಾಡಲಿಲ್ಲ. ಭಾವ, ನೀನು ನಮ್ಮ ಮನೆಯಲ್ಲಿ ಉಳಿದಿದ್ದೀಯ ಅಂದುಕೊಂಡರು. ಮರುದಿನ ಹತ್ತು ಗಂಟೆಗೆ ಬೇರೆ ಯಾರೋ ನಡೆಯಲು ಬಂದವರು ನೋಡದೇ ಇದ್ದಿದ್ದರೆ...

ಗೇಟಿನ ಕಾವಲುಗಾರನ ಮೇಲೆ ವಿಚಾರಣೆ ನಡೆಯುತ್ತಿದೆ. ಬೆಟ್ಟ ಹತ್ತಿದವರೆಲ್ಲ ಪುಸ್ತಕದಲ್ಲಿ "ವಾಪಸು ಬಂದ ಸಮಯ" ಬರೆದು ಸಹಿ ಹಾಕಿದ ಮೇಲೇ ಅವನು ಬೀಗ ಹಾಕಬೇಕಂತೆ. ಯಾರದಾದರೂ ಸಾಲು ಖಾಲಿ ಇದ್ದರೆ ಹುಡುಕಲು ಹೋಗಬೇಕಂತೆ. ನಿನ್ನ ಸಾಲಿನಲ್ಲಿ ಸಹಿ ಇತ್ತು. ಬೇಗ ಮನೆ ಸೇರುವ ಆಸೆಗೆ ಅವನೇ ಹಾಕಿರಬೇಕು ಅನ್ನುತ್ತಾರೆ.

ನೀನು ಏನಾದರೂ ಬರೆ. ಬೈದಾದರೂ ಬರೆ.

ನೀನೇ ಹೆಸರಿಟ್ಟ,
ಗುಮಾಸ್ತೆ


ಏಪ್ರಿಲ್ 27

ಗುಮಾಸ್ತೆಗೆ,

ಕಾಗದ ಬಂತು. ಚೆನ್ನಾಗಿ ಬರೆದಿದ್ದೀಯ. ಇಂಗ್ಲಿಷ್ ಶಾಲೆಗೆ ಹೋದರೂ ನಮ್ಮ ಭಾಷೆ ಕೆಟ್ಟಿಲ್ಲ ನಿಂದು, ಅಪ್ಪ ಇದ್ದಿದ್ದರೆ ಹೆಮ್ಮೆಪಡ್ತಿದ್ದರು.

ನೀನು ಬರೆಯಲ್ಲ ಅಂದ ಮಾತು ನಾನೇ ಬರೀತೀನಿ, ಕಾಗದದಲ್ಲಿ ಜಾಗ ಖಾಲಿ ಬಿಡಬಾರದು. "ಜೀವಮಾನವೆಲ್ಲ ಕೂತಲ್ಲೇ ಕಾಲು ತುಳಿದು ಎಲ್ಲಿಗೂ ಹೋಗದವಳು ನೀನು. ಇವತ್ತೊಂದೇ ದಿನ ಎಲ್ಲಾ ನೋಡಿಬಿಡಬೇಕಾ?" ಸರಿಯಾಗಿದೆಯಾ? ಒಂದಕ್ಷರ ಆಚೆ ಈಚೆ ಇದ್ದರೆ ತಿದ್ದು, ನಿನ್ನ ಕೆಲಸವೇ ಅದು.

ಈಗ ತುಳಿಯೋ ಕಾಲೂ ಇಲ್ಲ. ಎಡಗಾಲಲ್ಲಿ ತುಳಿದು ನೋಡಿದೆ. ದಾರ ತುಂಡಾಗುತ್ತೆ, ಹೊಲಿಗೆ ಹಾವಿನ ಹಾಗೆ ಹರಿಯುತ್ತೆ. ಶಾಲೆಯವರು ಈ ವರ್ಷದ ಸಮವಸ್ತ್ರದ ಬಟ್ಟೆ ವಾಪಸು ತಗೊಂಡು ಹೋದರು. ನಿನ್ನ ಭಾವ ಕತ್ತರಿಗಳನ್ನೆಲ್ಲ ಎಣ್ಣೆ ಹಚ್ಚಿ ಡಬ್ಬದಲ್ಲಿಟ್ಟರು, ಸತ್ತವರ ಕನ್ನಡಕ ಎತ್ತಿಡ್ತಾರಲ್ಲ, ಹಾಗೆ.

ಒಂದು ವಿಷಯ ಕೇಳಬೇಕು. ಆ ಸಹಿ ನನ್ನದರ ಹಾಗೇ ಇತ್ತಂತೆ. ಕೊನೆಯಲ್ಲಿ ಕತ್ತರಿ ಬಾಯಿಯ ಹಾಗೆ ಎರಡು ಗೀಟು ಸಮೇತ. ಆ ಸಹಿ ಎಲ್ಲಿಂದ ಬಂತು ಅಂತ ನಿನಗೆ ಗೊತ್ತು. ಹದಿನಾಲ್ಕಕ್ಕೆ ನನ್ನನ್ನು ಶಾಲೆ ಬಿಡಿಸಿ ಹೊಲಿಗೆ ಅಂಗಡಿಗೆ ಸೇರಿಸಿದಾಗ ಅಲ್ಲಿ ಸಹಿ ಮಾಡಬೇಕಿತ್ತು. ನಿನಗೆ ಎಂಟು ವರ್ಷ. "ಅಕ್ಕಂಗೆ ನಾನು ಇಂಗ್ಲಿಷಲ್ಲಿ ಸಹಿ ಮಾಡಿಕೊಡ್ತೀನಿ" ಅಂತ ಹೊಸ ಶಾಲೆಯ ಪೆನ್ಸಿಲ್ಲು ಹಿಡಿದು ಕೂತೆ. ನಾನು ನಿನ್ನ ನೋಡಿ ಕಲಿತದ್ದು. ಆಮೇಲೆ ಮನೆಯ ಅರ್ಜಿ, ರಸೀದಿ, ಬ್ಯಾಂಕಿನ ಹಾಳೆ ಎಲ್ಲಾ ನೀನೇ ತುಂಬಿದೆ, ನನ್ನ ಸಹಿಯೂ ನೀನೇ ಹಾಕಿದೆ. ನನ್ನ ಮದುವೆಯ ನೋಂದಣಿಯಲ್ಲೂ ಅರ್ಧ ನೀನೇ.

ಗೇಟಿನವನು ನನ್ನನ್ನು ಕಂಡದ್ದು ಒಂದು ನಿಮಿಷ. ಅವನಿಗೆ ಅದು ಹೇಗೆ ಬಂತು?

ನಿನ್ನ ಕಾಗದ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ನಾನು ಒಂದೇ ಸಲ ಕೇಳ್ತೀನಿ. ನಿನಗೇನಾದರೂ ಗೊತ್ತಾ?

ಅಕ್ಕ


ಮೇ 2

ಅಕ್ಕಾ,

ನೀನು ಬರೆದದ್ದು ಎಷ್ಟು ಸಮಾಧಾನ ತಂದಿತು ಎಂದು ಹೇಳಲಾರೆ.

ಸಹಿಯ ವಿಷಯ: ನಾನು ಹೊರಟಾಗ ಅವಸರದಲ್ಲಿದ್ದೆ. ನಿನ್ನ ಸಾಲಿನಲ್ಲಿ ಏನಿತ್ತೆಂದು ಗಮನಿಸಲಿಲ್ಲ. ವಿಚಾರಣೆಯವರು ಕೇಳಿದಾಗಲೂ ಇಷ್ಟನ್ನೇ ಬರೆದುಕೊಟ್ಟಿದ್ದೇನೆ.

ನಿನ್ನ ಯಂತ್ರಕ್ಕೆ ಮೋಟಾರು ಕೂರಿಸಿದರೆ ಹೇಗೆ? ಕಾಲಿನ ಬದಲು ಮೊಣಕಾಲಿನಿಂದ ಒತ್ತುವಂಥದ್ದೂ ಸಿಗುತ್ತದಂತೆ. ವಿಚಾರಿಸುತ್ತಿದ್ದೇನೆ. ಮುಂದಿನ ವಾರ ಬಂದು ಅಳತೆ ತೆಗೆದುಕೊಂಡು ಹೋಗಲೇ?

ನಿನ್ನ ಕಾಳಜಿಯಲ್ಲೇ ಇರುವ,
ತಂಗಿ


ಮೇ 30

ಅಮ್ಮಾವ್ರಿಗೆ ನಮಸ್ಕಾರ.

ನಾನು ಬೆಟ್ಟದ ಗೇಟಿನ ಕಾವಲುಗಾರ. ಪುಸ್ತಕದಲ್ಲಿ ಅಕ್ಕನವರ ಮೇಲಿನ ಸಾಲಿನಲ್ಲಿ ನಿಮ್ಮ ವಿಳಾಸ ಇತ್ತು, ಆ ಪುಟ ಅಧಿಕಾರಿಗಳು ತೆಗೆದುಕೊಂಡು ಹೋಗುವ ಮೊದಲು ಬರೆದುಕೊಂಡೆ. ತಪ್ಪಾಗಿದ್ದರೆ ಕ್ಷಮಿಸಿ.

ಹತ್ತೊಂಬತ್ತು ವರ್ಷ ಆ ಗೇಟು ಕಾದಿದ್ದೇನೆ. ಒಬ್ಬರನ್ನೂ ಬೆಟ್ಟದಲ್ಲಿ ಬಿಟ್ಟು ಬೀಗ ಹಾಕಿದವನಲ್ಲ. ಒಮ್ಮೆ ಪ್ರೇಮಿಗಳಿಬ್ಬರು ಸಹಿ ಹಾಕದೆ ಬೇಲಿ ಹಾರಿ ಹೋದಾಗ ನಾಲ್ಕು ಗಂಟೆ ಲಾಟೀನು ಹಿಡಿದು ಹುಡುಕಿದೆ. ಅವರು ಪೇಟೆಯಲ್ಲಿ ಸಿನಿಮಾ ನೋಡುತ್ತಿದ್ದರು. ನನ್ನ ಹೆಂಡತಿ ಮೊನ್ನೆಮೊನ್ನೆಯವರೆಗೂ ಅದನ್ನು ಹೇಳಿ ನಗುತ್ತಿದ್ದಳು. ಈಗ ನಗುವುದು ಬಿಟ್ಟಿದ್ದಾಳೆ.

ಆ ದಿನ ನೀವು ಇಳಿದು ಬಂದಾಗ ನಾನು ಕೋಣೆಯ ಹಿಂದೆ ಚಹಾ ಕಾಯಿಸುತ್ತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ. ಲೋಟ ಹಿಡಿದು ಬಂದಾಗ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಪುಸ್ತಕದಲ್ಲಿ ನಿಮ್ಮ ಸಾಲು ತುಂಬಿತ್ತು, ಅಕ್ಕನವರ ಸಾಲೂ ತುಂಬಿತ್ತು. ಇಬ್ಬರೂ ಹೋದರು ಎಂದುಕೊಂಡೆ. ಸಹಿ ನಾನು ಹಾಕಲಿಲ್ಲ. ನನಗೆ ಇಂಗ್ಲಿಷ್ ಅಕ್ಷರ ಬರೆಯಲು ಬರುವುದಿಲ್ಲ ಎಂದೆ. ಅಧಿಕಾರಿಗಳು, ಕದಿಯುವವನಿಗೆ ಬೀಗ ಮಾಡಲು ಬರಬೇಕಾ ಎಂದರು.

ನೀವು ಓದಿದವರು. ನೀವು ಹೊರಟಾಗ ಆ ಸಾಲು ಖಾಲಿ ಇತ್ತೋ ತುಂಬಿತ್ತೋ ಒಂದು ಮಾತು ಬರೆದುಕೊಟ್ಟರೆ ಸಾಕು. "ಗಮನಿಸಲಿಲ್ಲ" ಎಂದು ಬರೆದಿದ್ದೀರಂತೆ. ಸ್ವಲ್ಪ ನೆನಪು ಮಾಡಿಕೊಳ್ಳಿ ಅಮ್ಮಾವ್ರೇ. ಜೂನ್ ಇಪ್ಪತ್ತಕ್ಕೆ ಕೊನೆಯ ವಿಚಾರಣೆ. ಅಲ್ಲಿಗೆ ಏನೂ ಬರದಿದ್ದರೆ ನನ್ನನ್ನು ತೆಗೆದುಹಾಕುತ್ತಾರೆ.

ತಮ್ಮ ಉತ್ತರಕ್ಕೆ ಕಾದಿರುವ,
ಗೇಟಿನವನು


ಜೂನ್ 4
(ಕಳಿಸಲಿಲ್ಲ)

ಅಕ್ಕಾ,

ನಾನೇ ಹಾಕಿದ್ದು.

ಮೇಜಿನ ಹತ್ತಿರ ಯಾರೂ ಇರಲಿಲ್ಲ. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದರು. ನನ್ನ ಸಾಲಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ಎಂದು ಬರೆದು ಸಹಿ ಮಾಡಿದೆ. ಕೆಳಗೆ ನಿನ್ನ ಸಾಲು ಖಾಲಿ ಇತ್ತು. "ಮೇಲಿನಂತೆ" ಎನ್ನುವ ಎರಡು ಚುಕ್ಕೆ ಹಾಕಿ ನಿನ್ನ ಸಹಿಯನ್ನೂ ಮಾಡಿದೆ. ಬೇಕೆಂದು ಮಾಡಿದೆನೇ? ಇಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈ ತಾನಾಗಿ ಹೋಯಿತು, ಮೂವತ್ತಾರು ವರ್ಷದ ಅಭ್ಯಾಸ. ನಿನ್ನ ಖಾಲಿ ಸಾಲು ಕಂಡರೆ ತುಂಬುವುದು ನನ್ನ ಕೆಲಸ ಎಂದೇ ನನ್ನ ಕೈ ತಿಳಿದುಕೊಂಡಿದೆ.

ಆದರೆ ಗೀಟು ಎಳೆಯುವಾಗ ನನ್ನೊಳಗೆ ಒಂದು ಮಾತು ಇತ್ತು. ಅದನ್ನೂ ಬರೆಯುತ್ತೇನೆ, ಹೇಗೂ ಕಳಿಸುವುದಿಲ್ಲವಲ್ಲ. "ಇದನ್ನೂ ನಾನೇ ಮಾಡಬೇಕು. ಇವಳಿಗೆ ಇದೂ ಸರಿಯಾಗಿ ಬರುವುದಿಲ್ಲ." ನೀನು ಶಾಲೆ ಬಿಟ್ಟದ್ದರಿಂದ ನಾನು ಓದಿದೆ, ಓದಿದ್ದರಿಂದ ನಿನ್ನನ್ನು ಕಂಡರೆ ಸಿಡುಕು ಬರುತ್ತಿತ್ತು. ಇದಕ್ಕೆ ಯಾವ ಕಾಲಂ ಇದೆ?

ಕಾಲೇಜಿನ ಆಫೀಸಿನಲ್ಲಿ ದಿನಕ್ಕೆ ಇನ್ನೂರು ಅರ್ಜಿಗಳ ಸಹಿ ನೋಡುತ್ತೇನೆ. ಕಳೆದ ತಿಂಗಳು ತನ್ನ ತಂದೆಯ ಸಹಿ ತಾನೇ ಹಾಕಿದ ಹುಡುಗಿಯೊಬ್ಬಳ ಅರ್ಜಿಯನ್ನು ತಿರಸ್ಕರಿಸಿದೆ. ಅವಳು ಕೌಂಟರಿನ ಕಂಬಿ ಹಿಡಿದು ಅತ್ತಳು. "ನಿಯಮ ನಿಯಮವೇ ಅಮ್ಮಾ" ಎಂದೆ. ಈಗ ನಾನು ಹೋಗಿ, ನಾನೂ ಹಾಗೇ ಮಾಡಿದೆ, ಒಬ್ಬಳ ಕಾಲು ಹೋಯಿತು ಎನ್ನಬೇಕು. ಆ ಕುರ್ಚಿಯಲ್ಲಿ ಮತ್ತೆ ಕೂರಲು ಬಿಡುವುದಿಲ್ಲ.

ಇಪ್ಪತ್ತನೇ ತಾರೀಖಿಗೆ ಹದಿನಾರು ದಿನ ಇದೆ. ಹೇಳುತ್ತೇನೆ. ಖಂಡಿತ ಹೇಳುತ್ತೇನೆ.


ಜುಲೈ 1

ಗುಮಾಸ್ತೆಗೆ,

ವಿಚಾರಣೆ ಮುಗಿಯಿತು. ನಿನಗೆ ಯಾರೂ ತಿಳಿಸಿರಲಿಕ್ಕಿಲ್ಲ, ನೀನು ಅತ್ತ ತಲೆಯನ್ನೇ ಹಾಕಲಿಲ್ಲವಲ್ಲ.

ಹತ್ತೊಂಬತ್ತನೇ ತಾರೀಖಿನವರೆಗೂ ಕಾದೆ. ಅಂಚೆಯವನು ಬಂದಾಗಲೆಲ್ಲ ನಿನ್ನ ಭಾವ ಓಡುತ್ತಿದ್ದರು, ನಾನು ಊರುಗೋಲು ಹುಡುಕುತ್ತಿದ್ದೆ. ಬಂದದ್ದು ಮೋಟಾರಿನ ಬೆಲೆಪಟ್ಟಿ. ಚೆನ್ನಾಗಿತ್ತು, ಚಿತ್ರ ಬಣ್ಣದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನು ನನಗೆ ಮೋಟಾರು ಕಳಿಸಿದೆ.

ಇಪ್ಪತ್ತಕ್ಕೆ ನಾನೇ ಹೋದೆ. ಟ್ಯಾಕ್ಸಿಯಲ್ಲಿ ಕಾಲು ಚಾಚಿಕೊಂಡು, ನಿನ್ನ ಭಾವನ ತೊಡೆ ಮೇಲೆ ಪಾದ ಇಟ್ಟುಕೊಂಡು. ಗೇಟಿನವನೂ ಅವನ ಹೆಂಡತಿಯೂ ಬೆಂಚಿನ ತುದಿಯಲ್ಲಿ ಕೂತಿದ್ದರು. ಅವಳು ಒಗೆದು ಒಗೆದು ಬೆಳ್ಳಗಾದ ಸೀರೆ ಉಟ್ಟಿದ್ದಳು, ಅಂಚು ಬಿಚ್ಚಿತ್ತು. ನನ್ನ ಕೈ ಸೂಜಿ ಹುಡುಕಿತು. ಅಧಿಕಾರಿ ಆ ಪುಟ ತೋರಿಸಿ, "ಇದು ಯಾರ ಸಹಿ?" ಅಂದರು.

"ನಂದೇ" ಅಂದೆ.

"ನೀವು ಮೇಲೇ ಬಿದ್ದಿದ್ರಲ್ಲಮ್ಮಾ, ಇಲ್ಲಿ ಹೇಗೆ ಹಾಕಿದ್ರಿ?"

"ಬೆಳಿಗ್ಗೆ ಒಳಗೆ ಹೋಗುವಾಗಲೇ ಎರಡೂ ಕಡೆ ಹಾಕಿಬಿಟ್ಟೆ ಸಾರ್. ಮೇಲಿನ ಸಾಲುಗಳಲ್ಲೆಲ್ಲ ಎರಡು ಕಡೆ ಸಹಿ ಇತ್ತು, ಚುಕ್ಕೆನೂ ಇತ್ತು, ಹಾಗೇ ಮಾಡಬೇಕೇನೋ ಅಂದುಕೊಂಡೆ. ನಾನು ಓದಿದವಳಲ್ಲ."

ಅವರು ಪೆನ್ನು ಕೆಳಗಿಟ್ಟು ನಕ್ಕರು. ಪಕ್ಕದವರೂ ನಕ್ಕರು. "ನಿಮ್ಮ ಕಾಲು ನೀವೇ ಕಳಕೊಂಡ ಹಾಗಾಯ್ತಲ್ಲಮ್ಮಾ" ಅಂದರು. ಹೌದು ಸಾರ್ ಅಂದೆ. ಗೇಟಿನವನ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತಳು. ಅವನಿಗೆ ಕೆಲಸ ವಾಪಸು ಸಿಕ್ಕಿತು. ನಿನ್ನ ಭಾವ ಅವತ್ತಿಂದ ದಿನಕ್ಕೆರಡು ಸಲ, ಊಟಕ್ಕೆ ಮುಂಚೆ ಔಷಧಿ ಕೊಟ್ಟ ಹಾಗೆ, "ನಿನ್ನ ಪೆದ್ದುತನ" ಅಂತಾರೆ. ಅವರಿಗೂ ನಿಜ ಹೇಳಿಲ್ಲ.

ನಿನ್ನನ್ನು ಉಳಿಸೋಕೆ ಮಾಡಿದೆ ಅಂದುಕೊಳ್ಳಬೇಡ. ಆ ಮನುಷ್ಯನ ಮುಖ ನೋಡಿ ಮಾಡಿದೆ. ಈಗ ನೀನು ಹೋಗಿ ನಿಜ ಹೇಳಿದರೆ ನಾನು ಸುಳ್ಳುಗಾತಿ ಆಗ್ತೀನಿ. ಆದ್ದರಿಂದ ಸುಮ್ಮನಿರು. ಅದು ನಿನಗೆ ಚೆನ್ನಾಗಿ ಬರುತ್ತೆ.

ಅಕ್ಕ


ಜುಲೈ 5

ಅಕ್ಕಾ,

ನಾನೇ ಹಾಕಿದ್ದು. ಜೂನ್ ನಾಲ್ಕನೇ ತಾರೀಖೇ ಬರೆದಿಟ್ಟಿದ್ದೆ. ಆ ಕಾಗದ ಇನ್ನೂ ಮೇಜಿನ ಡ್ರಾಯರಿನಲ್ಲಿದೆ, ಬೇಕಾದರೆ ಕಳಿಸುತ್ತೇನೆ. ಕ್ಷಮಿಸು ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ತಂಗಿ


ಆಗಸ್ಟ್ 18

ತಂಗಿಗೆ,

ಬೇಡ. ಡ್ರಾಯರಿನಲ್ಲೇ ಇರಲಿ. ತಾರೀಖು ಹಾಕಿ ಜೋಪಾನವಾಗಿ ಇಟ್ಟಿದ್ದೀಯಲ್ಲ, ದಾಖಲೆಗೆ ಆಯಿತು.

ಮೋಟಾರು ಹಾಕಿಸಿಲ್ಲ. ಯಂತ್ರ ಮಾರಿದೆ. ಕೈಹೊಲಿಗೆ ಮಾಡ್ತೀನಿ, ಗುಂಡಿ, ಅಂಚು, ಅಷ್ಟೇ.

ನಿನ್ನ ಕಾಗದಗಳನ್ನೆಲ್ಲ ಮೊನ್ನೆ ಮತ್ತೆ ಓದಿದೆ. ಕಾಲಿನ ವಿಷಯ, ಯಂತ್ರದ ವಿಷಯ, ಭಾವನ ವಿಷಯ ಎಲ್ಲಾ ಬರೆದಿದ್ದೀಯ. ಒಂದೇ ಒಂದು ಸಲ ಕೂಡ ಆ ಮೂರನೇ ಜಲಪಾತ ಹೇಗಿತ್ತು ಅಕ್ಕಾ ಅಂತ ಕೇಳಲಿಲ್ಲ. ನಾನು ಅದನ್ನು ನೋಡಿದ್ದೇನೆ ಕಣೇ. ಬೀಳೋದಕ್ಕೆ ಮುಂಚೆ ಸುಮಾರು ಹೊತ್ತು ನೋಡಿದ್ದೇನೆ.

ಅಕ್ಕ


ಅಕ್ಟೋಬರ್ 12
(ರಿಜಿಸ್ಟರ್ಡ್ ಅಂಚೆ, ಸ್ವೀಕೃತಿ ಕಾರ್ಡಿನೊಂದಿಗೆ)

ಅಕ್ಕಾ,

ನಿನ್ನೆ ಹೋಗಿದ್ದೆ. ಒಬ್ಬಳೇ.

ಗೇಟಿನಲ್ಲಿ ಅವರೇ ಇದ್ದರು. ನನ್ನ ಗುರುತು ಸಿಗಲಿಲ್ಲ, ಪುಸ್ತಕದಲ್ಲಿ ವಿಳಾಸ ಬರೆದಾಗ ಸಿಕ್ಕಿತು. "ಈಗ ನಾನು ಈ ಕುರ್ಚಿ ಬಿಟ್ಟು ಏಳೋದಿಲ್ಲಮ್ಮಾ. ಚಹಾನೇ ಬಿಟ್ಟೆ" ಎಂದರು. ಆಮೇಲೆ, "ನಿಮ್ಮಕ್ಕ ದೊಡ್ಡವರು. ತನ್ನ ತಪ್ಪು ತಾನೇ ಒಪ್ಪಿಕೊಳ್ಳೋರು ಈ ಕಾಲದಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ?" ಎಂದರು. ಅವರ ತಲೆಯ ಮೇಲೆ ಹೊಸ ಫಲಕ: "ಒಳಗೆ ಹೋಗುವಾಗಲೇ ಎರಡೂ ಕಡೆ ಸಹಿ ಮಾಡಬೇಡಿ." ನಿನ್ನ ಪೆದ್ದುತನಕ್ಕೆ ಬರೆಸಿದ ಫಲಕದ ಕೆಳಗೆ ನಿಂತು ನಾನು ತಲೆಯಾಡಿಸಿದೆ.

ಎರಡನೆಯ ಜಲಪಾತದಿಂದ ಮೂರನೆಯದಕ್ಕೆ ಹನ್ನೆರಡು ನಿಮಿಷ, ಅಕ್ಕಾ. ಹನ್ನೆರಡೇ ನಿಮಿಷ. ಅದು ದೊಡ್ಡದೇನಲ್ಲ, ಎರಡಾಳು ಎತ್ತರ ಇರಬಹುದು. ಗುಂಡಿಗೆ ಧುಮುಕುವುದಿಲ್ಲ, ಚಪ್ಪಟೆ ಬಂಡೆಯ ಮೇಲೆ ಬಿದ್ದು ತೆಳ್ಳಗೆ ಹರಡಿಕೊಳ್ಳುತ್ತದೆ, ನೀನು ಮೇಜಿನ ಮೇಲೆ ಒಳಪದರದ ಅಸ್ತರಿ ಬಟ್ಟೆಯನ್ನು ಕೊಡವಿ ಹಾಸುತ್ತಿದ್ದೆಯಲ್ಲ, ಹಾಗೆ. ನೀನು ಅಲ್ಲಿ ನಿಂತು ಇದನ್ನೇ ಅಂದುಕೊಂಡಿರಬೇಕು ಅನ್ನಿಸಿತು. ಕೂಡಲೇ, ನಿನ್ನ ಪರವಾಗಿ ಇದನ್ನೂ ನಾನೇ ತುಂಬುತ್ತಿದ್ದೇನಲ್ಲ ಅನ್ನಿಸಿತು.

ಆಮೇಲೆ ತಿರುಗಿ ಕೆಳಗೆ ನೋಡಿದೆ.

ದಾರಿ ಸುತ್ತಿ ಬಳಸಿ ಹೋಗುವುದರಿಂದ ದೂರ ಅನ್ನಿಸುತ್ತದೆ. ನೇರ ನೋಡಿದರೆ ಗೇಟು ಕಾಲಬುಡದಲ್ಲೇ ಇದೆ. ತಗಡಿನ ಸೂರು, ಅದರ ಮುಂದೆ ಮೇಜು, ಮೇಜಿನ ಮೇಲೆ ತೆರೆದ ಪುಸ್ತಕ, ಬಸ್ಸು ನಿಲ್ಲುವ ಜಾಗ. ಎಲ್ಲಾ ಕಾಣುತ್ತದೆ. ನೀರಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಆದರೆ ಕಾಣುತ್ತದೆ. ನಾನು ಪುಸ್ತಕದ ಮೇಲೆ ಬಾಗಿದ್ದು ನಿನಗೆ ಕಂಡಿದೆ. ಒಂದು ಸಹಿಗೆ ಎಷ್ಟು ಹೊತ್ತು, ಎರಡಕ್ಕೆ ಎಷ್ಟು ಹೊತ್ತು ಎಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಬಸ್ಸು ಹತ್ತಿದ್ದು ಕಂಡಿದೆ. ಬಿದ್ದ ಮೇಲೆ, ಗೇಟಿನವರು ಪುಸ್ತಕ ಒಳಗಿಟ್ಟು ಬೀಗ ಹಾಕಿ ಸೈಕಲ್ಲು ತಳ್ಳಿಕೊಂಡು ಹೋದದ್ದೂ ಕಂಡಿದೆ.

ಅಂದರೆ ಏಪ್ರಿಲ್ಲಿನಲ್ಲಿ "ನಿನಗೇನಾದರೂ ಗೊತ್ತಾ" ಎಂದು ಕೇಳಿದಾಗ ನಿನಗೆ ಎಲ್ಲವೂ ಗೊತ್ತಿತ್ತು. ನೀನು ಕೇಳಿದ್ದು ಸಹಿಯ ವಿಷಯವನ್ನಲ್ಲ.

ತಡವಾಗಿ ಕೇಳುತ್ತಿದ್ದೇನೆ. ಮೂರನೆಯ ಜಲಪಾತ ಹೇಗಿತ್ತು, ಅಕ್ಕಾ?

ಉತ್ತರಕ್ಕೆ ಕಾಯುವ,
ತಂಗಿ


ನವೆಂಬರ್ 3
(ಕಳಿಸುವುದಿಲ್ಲ)

ಅಕ್ಕಾ,

ಉತ್ತರ ಬರಲಿಲ್ಲ. ಸ್ವೀಕೃತಿ ಕಾರ್ಡು ಮಾತ್ರ ವಾಪಸು ಬಂದಿದೆ.

ಅದರ ಮೇಲೆ ನಿನ್ನ ಸಹಿ ಇದೆ. ನಾನು ಮಾಡಿಕೊಟ್ಟದ್ದಲ್ಲ. ಇಂಗ್ಲಿಷ್ ಇಲ್ಲ, ಕತ್ತರಿಯ ಬಾಯಿ ಇಲ್ಲ. ನಮ್ಮ ಅಕ್ಷರದಲ್ಲಿ ನಿನ್ನ ಪೂರ್ತಿ ಹೆಸರು, ಬಿಡಿಬಿಡಿಯಾಗಿ, ಗುಂಡಗೆ, ಶಾಲೆ ಬಿಡುವ ಹಿಂದಿನ ದಿನ ನೋಟುಪುಸ್ತಕದ ಮೇಲೆ ಬರೆದಿದ್ದೆಯಲ್ಲ, ಹಾಗೇ. ಯಾರು ಬೇಕಾದರೂ ನಕಲು ಮಾಡಬಹುದಾದ ಸಹಿ. ನಮ್ಮ ಆಫೀಸಿನಲ್ಲಿ ಇಂಥದ್ದು ಬಂದರೆ "ಇದು ಸಹಿಯೇ ಅಲ್ಲ, ಹೆಸರು" ಎಂದು ಹಿಂದಿರುಗಿಸುತ್ತೇನೆ.

ಇವತ್ತು ಮಧ್ಯಾಹ್ನ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ನಿನಗೆ ಏನು ಬರೆಯಬೇಕು ಎಂದು ಯೋಚಿಸುತ್ತಿದ್ದೆ. ಕೈಯಲ್ಲಿ ಪೆನ್ನಿತ್ತು, ಮುಂದೆ ಖಾಲಿ ಹಾಳೆ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಹಾಳೆಯ ಮೇಲೆ ಮೂರು ಸಲ ನಿನ್ನ ಹೆಸರು ಬರೆದಿದ್ದೆ.

ಮೂರನೆಯದು ನಿನ್ನದರ ಹಾಗೇ ಬಂದಿದೆ.